ಅಜ್ಜನ ಎಲೆಗೆ ಉಪ್ಪು

ಕಳೆದ ವಾರ ಸೂಪರ್ ಮಾರ್ಕೆಟ್ ಎಂದು ಕರೆಯುವ ನಮ್ಮ ಕಲಬುರಗಿಯ ಬಜಾರಿನಲ್ಲಿ ಬದನೆಕಾಯಿ ಆರಿಸುತ್ತ ನಿಂತಿದ್ದೆ. ಜೊತೆಗೆ ಯಾರೂ ಇರಲಿಲ್ಲ. ಆದರೂ ನನ್ನ ಬಾಯಿ ಸುಮ್ಮನಿರಲಿಲ್ಲ. “ಇದು ಬದನಿಕಾಯಿ. ಸಣ್ಣ ಬದನಿಕಾಯಿ. ಅಯ್ಯ, ಮುಳ್ಳು ಚುಚ್ಚಿತು! ಇದರಾಗ ಹುಳ ಅದ, ಇದು ಬ್ಯಾಡ. ಇದು ಛಲೋ ಅದ, ಇದನ್ನ ಚೀಲದಾಗ ಹಾಕೋಣು.” ಕಾಯಿಪಲ್ಲೆ ಮಾರುವ ಹೆಂಗಸು ತಕ್ಕಡಿ ಎತ್ತಿದ ಕೈಯನ್ನು ಹಾಗೆಯೇ ನಿಲ್ಲಿಸಿ ನನ್ನನ್ನು ನೋಡಿದಳು.

“ಯಾರ್ ಜೋಡಿ ಮಾತಾಡಾಕತ್ತೀರಿ ಯಕ್ಕಾ?”

“ಬದನಿಕಾಯಿ ಜೋಡಿ.”

“ಹೌದಾ? ಮತ್ತ ಅದೇನ್ ಅಂತದರಿ?”

ನಾನು ನಕ್ಕು, ಚೀಲ ಹೆಗಲಿಗೇರಿಸಿಕೊಂಡು ಪಕ್ಕದ ಕಿರಾಣಿ ಅಂಗಡಿಗೆ ಹೋದೆ. ಅಲ್ಲಿ ಉಪ್ಪಿನ ಪೊಟ್ಟಣ ಕೈಗೆ ಬಂದದ್ದೇ ತಡ, ಕಮಲಾಪುರದ ತನ್ವಿ ನೆನಪಾದಳು, ಅವಳ ಅಜ್ಜ ನೆನಪಾದರು. ಅಂಗಡಿಯವನು ಚಿಲ್ಲರೆ ಹಿಡಿದು ಕಾಯುತ್ತಿದ್ದ. ಹಿಂದೆ ಆಟೋಗಳು ಒಂದೇ ಸಮನೆ ಕಿರುಚುತ್ತಿದ್ದವು. ನಾನು ಮಾತ್ರ ಉಪ್ಪಿನ ಪೊಟ್ಟಣ ನೋಡಿಕೊಂಡು ಒಬ್ಬಳೇ ನಗುತ್ತಿದ್ದೆ. ಈ ಹೆಂಗಸಿಗೆ ತಲೆ ಸರಿಯಿಲ್ಲ ಎಂದು ಆ ದಿನ ಸೂಪರ್ ಮಾರ್ಕೆಟ್‌ನಲ್ಲಿ ಕನಿಷ್ಠ ಇಬ್ಬರಾದರೂ ತೀರ್ಮಾನಿಸಿರಬೇಕು.

ತಲೆ ಸರಿಯಿದೆ. ಅದು ಕಸುಬಿನ ರೋಗ. ಕಿವಿ ಕೇಳದ, ಇಲ್ಲವೇ ಅರೆಬರೆ ಕೇಳುವ ಚಿಕ್ಕ ಮಕ್ಕಳಿಗೆ ಮಾತು ಕಲಿಸುವುದು ನನ್ನ ಕೆಲಸ. ಕೇಳುವ ಕೂಸು ತೊಟ್ಟಿಲಲ್ಲಿ ಮಲಗಿಕೊಂಡೇ ಮಾತು ಹೆಕ್ಕುತ್ತದೆ. ಅತ್ತೆ ಸೊಸೆಯರ ಜಗಳ, ಟಿವಿಯ ಗದ್ದಲ, ಹಾಲಿನವನ ಕೂಗು, ಎಲ್ಲವೂ ಅದಕ್ಕೆ ಪುಕ್ಕಟೆ ಪಾಠ. ನಮ್ಮ ಮಕ್ಕಳಿಗೆ ಹಾಗಲ್ಲ. ಒಂದೊಂದು ಮಾತನ್ನೂ ಯಾರಾದರೂ ಹೊತ್ತು ತಂದು ಕಿವಿಯ ಹತ್ತಿರ ಇಡಬೇಕು. ಆಪರೇಷನ್ ಮಾಡಿಸಿ ಕಿವಿಯ ಹಿಂದೆ ಯಂತ್ರ ಕೂಡಿಸಿದರೂ ಅಷ್ಟೇ. ಯಂತ್ರ ಸದ್ದು ತರುತ್ತದೆ, ಅರ್ಥ ತರುವುದಿಲ್ಲ. ಅದಕ್ಕೇ ತಾಯಂದಿರಿಗೆ ನಾವು ಹೇಳುವ ಮೊದಲ ಮಾತೆಂದರೆ, ಕೈ ಏನು ಮಾಡುತ್ತದೋ ಅದನ್ನು ಬಾಯಿ ಹೇಳುತ್ತಿರಬೇಕು. ಹಿಟ್ಟು ನಾದುವಾಗ ಹಿಟ್ಟಿನ ಮಾತು, ಬಟ್ಟೆ ಹಿಂಡುವಾಗ ನೀರಿನ ಮಾತು. ಇದನ್ನೇ ವರ್ಷಗಟ್ಟಲೆ ಹೇಳಿ, ಮಾಡಿ ತೋರಿಸಿ, ಈಗ ಮಕ್ಕಳಿರಲಿ ಬಿಡಲಿ ನನ್ನ ಬಾಯಿ ತನ್ನ ಪಾಡಿಗೆ ಓಡುತ್ತಿರುತ್ತದೆ. “ನಿನ್ನ ಮುಂದ ಕೂಡಿಸಿದ್ರ ಗ್ವಾಡಿಗೂ ಮಾತು ಬರ್ತಾವ ನೋಡು,” ಎನ್ನುತ್ತಾರೆ ನಮ್ಮ ಮನೆಯವರು. ಹೊಗಳುತ್ತಾರೋ ಬೈಯುತ್ತಾರೋ ನಾನು ವಿಚಾರಿಸಲು ಹೋಗಿಲ್ಲ.

ಚಿಕ್ಕಂದಿನಲ್ಲಿ ಇದೇ ಬಾಯಿಗಾಗಿ ನಾನು ಬೈಸಿಕೊಂಡಿದ್ದಕ್ಕೆ ಲೆಕ್ಕವಿಲ್ಲ. ನಾನು ಬೆಳೆದದ್ದು ಇದೇ ಊರಿನ ಬ್ರಹ್ಮಪುರದ ಒಂದು ಹಳೆಯ ಮನೆಯಲ್ಲಿ. ಅಜ್ಜಿಯ ಜೊತೆ ಮರಾಠಿ, ಅಪ್ಪನ ಜೊತೆ ಕನ್ನಡ, ಓಣಿಯಲ್ಲಿ ಗೋಲಿ ಆಡುವಾಗ ದಖನಿ ಉರ್ದು. ಮೂರು ಭಾಷೆಯಲ್ಲಿ ವಟಗುಟ್ಟುವ ಹುಡುಗಿಯನ್ನು ಮೂರು ಭಾಷೆಯಲ್ಲಿ ಗದರಿಸಿ ಸುಮ್ಮನಿರಿಸುವುದು ಮನೆಯವರಿಗೆ ದೊಡ್ಡ ಕೆಲಸವಾಗಿತ್ತು. ಆದರೆ ಒಂದು ಹೊತ್ತಿನಲ್ಲಿ ಮಾತ್ರ ಯಾರೂ ಗದರಿಸುವ ಹಾಗಿರಲಿಲ್ಲ. ಅದು ಅಜ್ಜನ ಊಟದ ಹೊತ್ತು. ನಾವು ಆಜೋಬಾ ಎಂದು ಕರೆಯುತ್ತಿದ್ದ ಅವರು ಎಲೆಯ ಮುಂದೆ ಕೂತು ಸುತ್ತ ನೀರು ಬಿಟ್ಟು ಪರಿಷೇಚನ ಮಾಡಿದರೆ ಮುಗಿಯಿತು, ಎದ್ದು ಕೈ ತೊಳೆಯುವವರೆಗೆ ತುಟಿ ಬಿಚ್ಚುತ್ತಿರಲಿಲ್ಲ. ಅವರು ಆಡುವುದಿಲ್ಲವೆಂದ ಮೇಲೆ ಮನೆಯಲ್ಲಿ ಬೇರೆ ಯಾರೂ ಆಡಬಾರದು. ಎಲ್ಲವೂ ಕೈಸನ್ನೆ. ಹೆಬ್ಬೆರಳಿಗೆ ಎರಡು ಬೆರಳು ಉಜ್ಜಿದರೆ ಉಪ್ಪು. ಅಂಗೈ ಬೊಗಸೆ ಮಾಡಿದರೆ ನೀರು. ಮುಷ್ಟಿ ಹಿಡಿದು ಕಡೆದಂತೆ ಮಾಡಿದರೆ ಮಜ್ಜಿಗೆ. ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದರೆ ಸಾಕು, ಹಾಕಬೇಡಿ.

ಆ ಸನ್ನೆ ನೋಡಿ ಅಡುಗೆಮನೆಗೆ ಓಡುವ ಕೆಲಸ ನನ್ನದು. ಬಾಯಿ ಮುಚ್ಚಿಕೊಂಡು ಇರಲಾಗದೆ ನನ್ನ ಕೆನ್ನೆಗಳು ಊದಿಕೊಂಡಿರುತ್ತಿದ್ದವು. ಅಡುಗೆಮನೆಯ ಹೊಸ್ತಿಲು ದಾಟಿದ್ದೇ, ಉಪ್ಪು ಕೇಳುವ ನೆಪದಲ್ಲಿ ಅಲ್ಲಿಯವರೆಗೆ ತಡೆದಿಟ್ಟ ಮಾತನ್ನೆಲ್ಲ ಅಜ್ಜಿಯ ಮುಂದೆ ಸುರಿದುಬಿಡುತ್ತಿದ್ದೆ. ಅಜ್ಜಿ ಮೊದಲು ಉಪ್ಪು ಕೊಟ್ಟು ಆಮೇಲೆ ತಲೆಗೆ ಮೊಟಕುತ್ತಿದ್ದಳು.

ಇಷ್ಟೆಲ್ಲ ಯಾಕೆ ಹೇಳಿದೆನೆಂದರೆ, ತನ್ವಿಯ ಮನೆಗೆ ಹೋದ ದಿನ ನನಗೆ ಈ ಅಡುಗೆಮನೆಯ ಹೊಸ್ತಿಲೇ ನೆನಪಿಗೆ ಬಂದದ್ದು. ಅದಕ್ಕಿಂತ ಮೊದಲು ನಮ್ಮ ಶಾಲೆಯ ವಿಷಯ ಸ್ವಲ್ಪ ಹೇಳಿಬಿಡಬೇಕು. ಶಾಲೆ ಎನ್ನುವುದು ದೊಡ್ಡ ಮಾತು. ಕೋಟನೂರ ಕಡೆ ಬಾಡಿಗೆಗೆ ಹಿಡಿದ ಒಂದು ಮನೆಯ ಕೆಳಗಿನ ಅಂತಸ್ತು. ಮೊದಲು ಸೂಪರ್ ಮಾರ್ಕೆಟ್‌ನ ಹಿಂದಿನ ಗಲ್ಲಿಯಲ್ಲಿದ್ದೆವು. ಕೇಳುವುದನ್ನು ಕಲಿಸುವ ಶಾಲೆಗೆ ಕಲಬುರಗಿಯಲ್ಲಿ ಅದಕ್ಕಿಂತ ಕೆಟ್ಟ ಜಾಗ ಹುಡುಕಿದರೂ ಸಿಗುತ್ತಿರಲಿಲ್ಲ. ಈಗಿನ ಮನೆಯಲ್ಲೂ ಖಾಲಿ ಗೋಡೆಗಳು ಸದ್ದನ್ನು ಎತ್ತಿ ಎತ್ತಿ ಎಸೆಯುತ್ತಿದ್ದವು. ತಾಯಂದಿರು ಮನೆಯಿಂದ ಹಳೆಯ ಕೌದಿಗಳನ್ನು ತಂದುಕೊಟ್ಟರು. ಅವನ್ನು ಗೋಡೆಯ ತುಂಬ ನೇತುಹಾಕಿದ ಮೇಲೆ ಸದ್ದು ಸುಮ್ಮನಾಯಿತು. ಹೊಸಬರು ಬಂದರೆ ಇಲ್ಲಿ ಕೌದಿ ಮಾರುತ್ತೀರೇನು ಎಂದು ಕೇಳುತ್ತಾರೆ.

ಮಕ್ಕಳು ತುಟಿ ನೋಡಿ ಊಹಿಸಬಾರದು, ಕಿವಿಯಿಂದಲೇ ಕೇಳಬೇಕು ಎಂದು ನಾವು ಬಾಯಿಗೆ ಏನಾದರೂ ಅಡ್ಡ ಹಿಡಿದು ಮಾತಾಡುವುದುಂಟು. ನಾನು ತಾಳೆಗರಿಯ ಬೀಸಣಿಗೆ ಹಿಡಿಯುತ್ತಿದ್ದೆ. ಕರೆಂಟು ಹೋದಾಗ ಗಾಳಿಗೂ ಆಯಿತು ಎನ್ನುವ ಲೆಕ್ಕಾಚಾರ ನನ್ನದು. ಒಂದು ದಿನ ನಸೀಮಾ ಎಂಬ ತಾಯಿ ಬಂದು, ತನ್ನ ಮಗ ಮನೆಯಲ್ಲಿ ನೀರು ಕೇಳುವುದಕ್ಕೂ ಮುಖಕ್ಕೆ ತಟ್ಟೆ ಅಡ್ಡ ಹಿಡಿಯುತ್ತಾನೆಂದು ದೂರಿದಳು. ನೋಡಿದರೆ ತರಗತಿಯ ಎಲ್ಲ ಮಕ್ಕಳೂ ಹಾಗೆಯೇ ಮಾಡುತ್ತಿದ್ದರು. ಮಾತಾಡುವುದೆಂದರೆ ಬಾಯಿ ಮುಚ್ಚಿಕೊಳ್ಳುವುದು ಎಂದು ಅವರು ನನ್ನಿಂದಲೇ ಕಲಿತಿದ್ದರು. ಆ ಬೀಸಣಿಗೆ ಈಗ ಗಾಳಿಗೆ ಮಾತ್ರ.

ತನ್ವಿ ನಮ್ಮಲ್ಲಿಗೆ ಬಂದಾಗ ಹೈದರಾಬಾದಿನಲ್ಲಿ ಅವಳ ಆಪರೇಷನ್ ಆಗಿ ಕೆಲವು ತಿಂಗಳಾಗಿತ್ತು. ನಾಲ್ಕು ತುಂಬುತ್ತ ಬಂದಿದ್ದ ಹುಡುಗಿ. ತಾಯಿ ಅಶ್ವಿನಿ ಕಮಲಾಪುರದಿಂದ ಬಸ್ಸಿನಲ್ಲಿ ಕರೆದುಕೊಂಡು ಬರುತ್ತಿದ್ದಳು. ತಂದೆ ಪುಣೆಯ ಒಂದು ದೇವಸ್ಥಾನದಲ್ಲಿ ಅರ್ಚಕ, ಊರಿಗೆ ಬರುವುದು ಅಪರೂಪ. ಮನೆಯಲ್ಲಿ ಅಶ್ವಿನಿ, ಮಗು ಮತ್ತು ಅಶ್ವಿನಿಯ ಮಾವ, ಇಷ್ಟೇ ಜನ. ಅತ್ತೆ ತೀರಿಕೊಂಡಿದ್ದರು. ಮಾವನ ಎದುರು ಸೊಸೆ ತಲೆಯೆತ್ತಿ ಮಾತಾಡುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಅಂದರೆ ಯಂತ್ರ ಹಾಕಿಕೊಂಡ ಹುಡುಗಿಗೆ ಕೇಳಲು ಮನೆಯಲ್ಲಿ ಸದ್ದೇ ಇರಲಿಲ್ಲ.

ತನ್ವಿ ನಮ್ಮಲ್ಲಿ ಮೂಲೆ ಹಿಡಿದು ಕೂರುತ್ತಿದ್ದಳು. ಸದ್ದು ಮಾಡಿದರೆ ತಿರುಗಿ ನೋಡುವುದು ಕಲಿತಳು. ಕರೆದರೆ ಬಂದಳು. ಬಾಯಿ ಮಾತ್ರ ಬಿಡಲಿಲ್ಲ. ಅಶ್ವಿನಿಗೆ ಒಂದೇ ಚಿಂತೆ. ಮುಂದಿನ ವರ್ಷ ಬಿಟ್ಟು ಅದರ ಮುಂದಿನ ಜೂನ್‌ನಲ್ಲಿ ಮಗಳನ್ನು ಒಂದನೇ ಕ್ಲಾಸಿಗೆ ಹಾಕಬೇಕು. ಮನೆಯ ಹತ್ತಿರದ ಶಾಲೆಯ ಹೆಡ್ ಮೇಡಂ ಒಳ್ಳೆಯವರು. ಹೇಳಿದ್ದು ತಿಳಿಯಬೇಕು, ಬೇಕಾದ್ದನ್ನು ಬಾಯಿಬಿಟ್ಟು ಕೇಳಬೇಕು, ಅಷ್ಟು ಬಂದರೆ ಸೇರಿಸಿಕೊಳ್ಳುತ್ತೇನೆ ಎಂದಿದ್ದರು. ಅಷ್ಟು ಬರದಿದ್ದರೆ ದೂರದ ಊರಿನ ವಸತಿ ಶಾಲೆ.

“ಅಲ್ಲಿ ಛಲೋ ಕಲಸ್ತಾರಂತ ಗೊತ್ತದರಿ ಅಕ್ಕೋರೆ,” ಎಂದು ಅಶ್ವಿನಿ ಸೆರಗಿನ ಅಂಚು ಸುತ್ತುತ್ತಿದ್ದಳು. “ಆದ್ರ ರಾತ್ರಿ ಬಾಜೂಕ ನಾ ಇರಲಿಲ್ಲಂದ್ರ ಅದು ಮಲಗೂದಿಲ್ರಿ. ಹ್ಯಾಂಗ್ ಬಿಡ್ಲಿ?”

ಕೈಯಿಂದ ಆಡುವ ಮಾತು ಕೀಳೆಂದು ನಾನು ಹೇಳುವುದಿಲ್ಲ. ಕೈಯಲ್ಲೇ ಜಗಳ, ಹರಟೆ, ಪ್ರೀತಿ ಎಲ್ಲ ಮಾಡುವವರನ್ನು ಬಲ್ಲೆ. ನನಗೂ ಅಷ್ಟಿಷ್ಟು ಬರುತ್ತದೆ. ಆದರೆ ಕಮಲಾಪುರದ ಆ ಮನೆಯವರು ಕಿವಿಯ ದಾರಿ ಹಿಡಿದಿದ್ದರು. ಆ ದಾರಿಯಲ್ಲಿ ಹೊತ್ತು ಮೀರಿದರೆ ಕಷ್ಟ. ಹಾಗಾಗಿ ಒಂದು ಭಾನುವಾರ ಮನೆಯನ್ನೇ ನೋಡಿಬರೋಣವೆಂದು ಬಸ್ಸು ಹತ್ತಿದೆ.

ಕಮಲಾಪುರದಲ್ಲಿ ಇಳಿದರೆ ಮೊದಲು ಕಾಣುವುದು ಕೆಂಪು ಬಾಳೆಹಣ್ಣಿನ ಗೊನೆಗಳು. ಒಂದು ಚಿಪ್ಪು ಕಟ್ಟಿಸಿಕೊಂಡು ಹೋದೆ. ತನ್ವಿಯ ಅಜ್ಜ, ಊರವರೆಲ್ಲ ಆಚಾರ್ಯರು ಎಂದು ಕರೆಯುವವರು, ಸ್ನಾನ ಪೂಜೆ ಮುಗಿಸಿ ಊಟಕ್ಕೆ ಏಳುವ ಹೊತ್ತು. ಸಣಕಲು ಮೈ, ಒಗೆದು ಒಗೆದು ತೆಳ್ಳಗಾದ ಮಡಿಪಂಚೆ. ನನಗೂ ಎಲೆ ಹಾಕಿದರು. ಊಟದ ಹೊತ್ತು ನಮ್ಮ ಕಸುಬಿನವರಿಗೆ ಹಬ್ಬವಿದ್ದಂತೆ. ಬಿಸಿ, ತಣ್ಣಗೆ, ಬೇಕು, ಬೇಡ, ಇನ್ನಷ್ಟು, ಸಾಕು, ಇಷ್ಟೆಲ್ಲ ಮಾತು ಒಂದೇ ಎಲೆಯ ಮೇಲೆ. ನಾನು ತಡಮಾಡದೆ, “ತನ್ವೀ, ಅನ್ನ ನೋಡು. ಬಿಸಿ ಅನ್ನ. ಊಫ್ ಮಾಡು, ಊಫ್,” ಎಂದು ಶುರು ಹಚ್ಚಿದೆ.

ಆಚಾರ್ಯರು ಅಂಗೈ ಎತ್ತಿದರು. ನನ್ನ ಊಫ್ ಅರ್ಧಕ್ಕೇ ನಿಂತಿತು. ಬ್ರಹ್ಮಪುರದ ಆಜೋಬಾ ಎದ್ದು ಬಂದು ಎದುರಿಗೆ ಕೂತರೋ ಎನ್ನಿಸಿ ನನ್ನ ಕೆನ್ನೆಗಳು ತಾವಾಗಿಯೇ ಊದಿಕೊಂಡವು.

ಆಮೇಲೆ ನಾನು ನೋಡಿದ್ದು ಬೇರೆಯೇ ತನ್ವಿಯನ್ನು. ಅಜ್ಜ ಬೆರಳು ಉಜ್ಜಿದರೆ ಹುಡುಗಿ ಅಡುಗೆಮನೆಗೆ ಓಡಿ ಉಪ್ಪು ತಂದಳು. ಮುಷ್ಟಿ ಕಡೆದರೆ ಮಜ್ಜಿಗೆ ತಂದಳು. ಅಜ್ಜ ಹುಬ್ಬು ಕುಣಿಸಿದರೆ ನಕ್ಕಳು. ನಮ್ಮ ಶಾಲೆಯಲ್ಲಿ ಮೂಲೆ ಹಿಡಿಯುವ ಕೂಸು ಇಲ್ಲಿ ಮನೆ ನಡೆಸುತ್ತಿತ್ತು. ಯಾಕೆಂದು ಗೊತ್ತಾಗಲು ನನಗೆ ಹೊತ್ತು ಹಿಡಿಯಲಿಲ್ಲ. ದಿನದಲ್ಲಿ ಆ ಒಂದು ಹೊತ್ತು ಮನೆಯವರೆಲ್ಲ ಅವಳ ಹಾಗೆಯೇ ಇರುತ್ತಿದ್ದರು. ಅದನ್ನು ಕಂಡು ನನಗೆ ಸಂತೋಷವಾಯಿತು, ಜೊತೆಗೇ ಚಿಂತೆಯೂ ಆಯಿತು. ಇಷ್ಟು ಸುಖವಾಗಿ ನಡೆಯುತ್ತಿದ್ದರೆ ಆ ಹುಡುಗಿಗೆ ಬಾಯಿ ಬಿಡುವ ಗರಜಾದರೂ ಏನು?

ಆಚಾರ್ಯರು ಕೈ ತೊಳೆದು ಬಂದು ಅಡಿಕೆ ಬಾಯಿಗೆ ಹಾಕಿಕೊಂಡ ಮೇಲೆ ಮಾತು ತೆಗೆದೆ.

“ನೀವು ಊಟದಾಗ ಮಾತಾಡಬೇಕ್ರಿ.”

“ಆಗೂದಿಲ್ಲವಾ.”

“ಕೂಸಿನ ಸಲುವಾಗಿ.”

“ಕೂಸಿನ ಸಲುವಾಗಿ ಜೀವಾನೂ ಕೊಡ್ತೀನಿ. ಆದ್ರ ಮುಂಜಿವಿ ಆದಾಗಿಂದ ಎಲಿ ಮುಂದ ಬಾಯಿ ಬಿಟ್ಟಾಂವಲ್ಲ ನಾನು. ಈಗ ಬಿಟ್ರ ತುತ್ತು ಗಂಟಲದಾಗ ಇಳಿಯೂದಿಲ್ಲ.”

ನನಗೆ ಸಿಟ್ಟು ಬಂತು. ಎದುರಿಗಿದ್ದವರು ವಯಸ್ಸಾದವರು, ಮಡಿಯವರು ಎಂಬುದೆಲ್ಲ ಮರೆತು, “ನಿಮ್ಮ ಮೌನ ದೊಡ್ಡದೋ, ಅದರ ಮಾತು ದೊಡ್ಡದೋ?” ಎಂದುಬಿಟ್ಟೆ. ಬಾಗಿಲ ಹಿಂದೆ ಅಶ್ವಿನಿಯ ಬಳೆ ಸದ್ದಾಯಿತು.

“ಮಾತೊಂದು ಬಿಟ್ಟು ಕೇಳ್ರಿ,” ಎಂದರು ಆಚಾರ್ಯರು. “ಎಲಿ ಮ್ಯಾಲಿಂದು ಏನ್ ಬೇಕಾದ್ರೂ ತಗೋರಿ. ಚಾತುರ್ಮಾಸ್ಯ ಬಂತು. ತಿಂಗಳಿಗೊಂದು ಪದಾರ್ಥ ಬಿಟ್ಟು ರೂಢಿ ಅದ ನನಗ.”

ಅವರ ಕಡೆಯಿಂದ ಅದು ಒಂದು ಹರಕೆಯ ಮಾತು. ದೇವರಿಗೆ ತುಪ್ಪವನ್ನೋ ಸಿಹಿಯನ್ನೋ ಬಿಟ್ಟುಕೊಡುವ ಹಾಗೆ. ಆದರೆ ಎಲೆ ಎಂಬ ಶಬ್ದ ಕಿವಿಗೆ ಬಿದ್ದದ್ದೇ ನನಗೆ ನಮ್ಮಜ್ಜಿಯ ಅಡುಗೆಮನೆ ಕಣ್ಣ ಮುಂದೆ ಬಂತು. ಸನ್ನೆ ನೋಡಿದವಳು ನಾನು, ಸನ್ನೆ ಕಾಣದವಳು ಅಜ್ಜಿ. ನಡುವೆ ಒಂದು ಗೋಡೆ. ಆ ಗೋಡೆ ಇದ್ದದ್ದರಿಂದಲೇ ಅಲ್ಲವೇ ನಾನು ಮಾತಾಡಬೇಕಾಗುತ್ತಿದ್ದದ್ದು?

“ಹಂಗಾದ್ರ ಉಪ್ಪು ಬಿಡ್ರಿ,” ಎಂದೆ.

ಹೂಟ ಹೀಗಿತ್ತು. ಅಜ್ಜನ ಅಡುಗೆಗೆ ಉಪ್ಪು ಹಾಕಬಾರದು, ಎಲೆಗೂ ಬಡಿಸಬಾರದು. ಉಪ್ಪಿನ ಭರಣಿ ಕೂಸಿನ ಕೈಗೆ ಎಟುಕದ ಮೇಲಿನ ಹಲಗೆಯಲ್ಲಿ. ಅಜ್ಜ ಎಂದಿನಂತೆ ಬೆರಳು ಉಜ್ಜಬೇಕು. ಅಡುಗೆಮನೆಯಲ್ಲಿ ಅಶ್ವಿನಿ ಒಲೆಯ ಕಡೆ ಮುಖ ಮಾಡಿ ನಿಂತಿರಬೇಕು, ಕೂಸಿನ ಕೈ ನೋಡಲೇಬಾರದು. “ಅಜ್ಜಗ ಏನ್ ಬೇಕು? ಉಪ್ಪು? ಉಪ್ಪು ಬೇಕಾ?” ಎಂದು ಕೇಳಿ, ಸುಮ್ಮನೆ ಕಾಯಬೇಕು. ಉಪ್ಪಿನ ಹತ್ತಿರದ ಒಂದು ಸದ್ದು ಕೂಸಿನ ಬಾಯಿಂದ ಬಂದರೆ ಉಪ್ಪು, ಇಲ್ಲದಿದ್ದರೆ ಇಲ್ಲ. ಕೂಸಿನ ಎಲೆಯಲ್ಲಿ ಮಾತ್ರ ಉಪ್ಪು ಮೊದಲೇ ಇರಬೇಕು. ಮಗುವಿನ ಊಟದ ಮೇಲೆ ಪಾಠ ಮಾಡುವುದು ನನ್ನ ಜಾಯಮಾನಕ್ಕೆ ಒಗ್ಗುವುದಿಲ್ಲ.

ಅಶ್ವಿನಿ ಬಾಗಿಲ ಹಿಂದಿನಿಂದ ಹೊರಗೇ ಬಂದಳು. “ಅಯ್ಯ ಅಕ್ಕೋರೆ, ಮಾವನೋರಿಗೆ ಸಪ್ಪನ್ ಊಟ ಬಡಸಲ್ಯಾ? ಮಂದಿ ಏನಂದಾರು?”

“ಮಂದಿ ನಿನ್ನ ಅಡಗಿಮನ್ಯಾಗ ಬರ್ತಾರೇನು?” ಎಂದವರು ಆಚಾರ್ಯರು. ಸೊಸೆಯ ಜೊತೆ ಅವರು ಅಷ್ಟು ದೊಡ್ಡ ವಾಕ್ಯ ಆಡಿದ್ದನ್ನು ಅಶ್ವಿನಿ ಅದೇ ಮೊದಲು ಕೇಳಿದಳಂತೆ.

ಮರುದಿನವೇ ಫೋನು ಬಂತು. ಅಶ್ವಿನಿ ಅಳುತ್ತಿದ್ದಳು. ಕೂಸು ಬಂದು ಸೀರೆ ಎಳೆಯಿತು, ಹಲಗೆ ತೋರಿಸಿತು, ನೆಲ ಒದೆಯಿತು. ಇವಳು ಕಲ್ಲಿನ ಹಾಗೆ ನಿಂತಳು. ಕೊನೆಗೆ ಸದ್ದೇ ಇಲ್ಲದ್ದು ಕಂಡು ಇಣುಕಿ ನೋಡಿದರೆ, ತನ್ವಿ ತನ್ನ ಎಲೆಯ ತುದಿಯಲ್ಲಿದ್ದ ಉಪ್ಪನ್ನು ಚಿವುಟಿ ಚಿವುಟಿ ಅಜ್ಜನ ಎಲೆಗೆ ಹಾಕುತ್ತಿದ್ದಳು. ತುತ್ತು ತಿಂದ ಎಂಜಲು ಕೈ. ಮಡಿಯ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಿನ ಆಚಾರ್ಯರು ತಲೆ ತಗ್ಗಿಸಿ ಅದನ್ನೇ ಕಲಸಿಕೊಂಡು ಉಂಡರು.

ಫೋನು ಆಚಾರ್ಯರ ಕೈಗೆ ಹೋಯಿತು. “ಎಂಜಲಾದ್ರೇನಾತವಾ, ನನ್ನ ಕೂಸು ಕೊಟ್ಟ ಉಪ್ಪು,” ಎಂದರು. “ಆದ್ರ ನಿಮ್ಮ ಪಾಠ ಕೆಟ್ಟಿತಲ್ಲ?”

ಕೆಟ್ಟದ್ದು ನಿಜ. ಮಾತಿನ ಗರಜಿಲ್ಲದೆ ಹುಡುಗಿ ಕೆಲಸ ಮುಗಿಸಿದ್ದಳು. ನನ್ನ ಹೂಟಕ್ಕಿಂತ ಅವಳ ಬುದ್ಧಿ ಚುರುಕಾಗಿತ್ತು. ಅಂದಿನಿಂದ ಕೂಸಿನ ಊಟಕ್ಕೆ ಬೇರೆಯಾಗಿ ಉಪ್ಪು ಹಾಕಿ ಬೇಯಿಸಬೇಕು, ಎಲೆಯ ತುದಿಯಲ್ಲಿ ಉಪ್ಪು ಇಡಬಾರದು ಎಂದು ತಿದ್ದುಪಡಿ ಮಾಡಿದೆ. ಅಶ್ವಿನಿಗೆ ಒಂದು ಅಡುಗೆ ಎರಡಾಯಿತು.

ತಾಯಂದಿರು ಕೂಡಿದಾಗ ಈ ಕಥೆ ಹೇಳಿದೆ. ಸೂಪರ್ ಮಾರ್ಕೆಟ್‌ನಲ್ಲಿ ಬಳೆ ಅಂಗಡಿ ನಡೆಸುವ ನಸೀಮಾ ಕೆನ್ನೆಗೆ ಕೈ ಹಚ್ಚಿ ಕೂತಳು. “ಖಾತೆ ವಖತ್ ಬಾತಾಂ ನಕ್ಕೋ ಬೋಲೇ ತೋ ಹಮಾರೆ ಘರ್ ಮೇ ಸಬ್ ಭೂಕೇ ಉಠ್ ಜಾತೇ, ಮೇಡಂ!” ಊಟದಲ್ಲಿ ಮಾತು ಬೇಡವೆಂದರೆ ತಮ್ಮ ಮನೆಯಲ್ಲಿ ಎಲ್ಲರೂ ಹಸಿದೇ ಏಳುತ್ತಾರೆ ಎಂದಳು. ಆಮೇಲೆ ಕನ್ನಡಕ್ಕೆ ತಿರುಗಿ, “ಆ ಅಜ್ಜಗ ಎಷ್ಟ್ ದಿನ ಸಪ್ಪನ್ ಉಣಸ್ತೀರಿ?” ಎಂದು ಕೇಳಿದಳು. ಅಶ್ವಿನಿ ನನ್ನ ಮುಖ ನೋಡಿದಳು. ನಾನು ಗೋಡೆಯ ಕೌದಿ ನೋಡಿದೆ.

ಶ್ರಾವಣ ಕಳೆಯಿತು. ಗಣಪತಿ ಬಂದು ಹೋದ. ಕಮಲಾಪುರದಲ್ಲಿ ಅಜ್ಜನ ಸಾರು ಸಪ್ಪೆಯಾಗಿಯೇ ಇತ್ತು. “ಏಕಾದಶಿ ಛಲೋ ಇರ್ತದವಾ, ಉಪವಾಸಕ್ಕ ಉಪ್ಪಿನ ಹಂಗಿಲ್ಲ,” ಎಂದು ಆಚಾರ್ಯರು ಫೋನಿನಲ್ಲಿ ನಗುತ್ತಿದ್ದರು. ಅವರ ರಕ್ತದೊತ್ತಡ ಇಳಿದಿತ್ತು. ಉಪ್ಪು ಕಡಿಮೆ ಮಾಡಿ ಎಂದು ಹೇಳಿ ಹೇಳಿ ಸೋತಿದ್ದ ಡಾಕ್ಟರು ಯಾವ ಔಷಧಿ ತೆಗೆದುಕೊಂಡಿರಿ ಎಂದು ಅವರನ್ನೇ ಕೇಳಿದರಂತೆ. ನನಗೆ ಮಾತ್ರ ನಗು ಬರುತ್ತಿರಲಿಲ್ಲ. ಮಾತು ಬರದೇ ಹೋದರೆ? ಒಬ್ಬ ಹಿರಿಯರ ಊಟ ಕೆಡಿಸಿ, ಆ ತಾಯಿಗೆ ದಿನಾ ಕಲ್ಲಾಗು ಎಂದು ಹೇಳಿ, ಕೊನೆಗೆ ಆ ಕೂಸು ಟ್ರಂಕು ಹಿಡಿದುಕೊಂಡು ಬೇರೆ ಊರಿಗೇ ಹೋಗಬೇಕಾದರೆ? ಹೆದರಿಕೆಯಾಗಿ ಒಂದು ದಿನ, ಸಾಕು, ನಿಲ್ಲಿಸಿಬಿಡಿ ಎಂದು ಹೇಳಿದೆ. ಹಿಡಿದ ವ್ರತ ನಡುವೆ ಬಿಡುವ ರೂಢಿ ತಮಗಿಲ್ಲ ಎಂದರು ಆಚಾರ್ಯರು.

ಮಾತು ಬಂದದ್ದು ಹಬ್ಬವೂ ಅಲ್ಲದ, ಹುಣ್ಣಿಮೆಯೂ ಅಲ್ಲದ ಒಂದು ದಿನ. ಅಶ್ವಿನಿ ಒಲೆಯ ಕಡೆ ಮುಖ ಮಾಡಿ ನಿಂತಿದ್ದಳು. ಎಂದಿನಂತೆ ಕೇಳಿದಳು, ಎಂದಿನಂತೆ ಕಾಯ್ದಳು. ಹಿಂದಿನಿಂದ “ಉಪ್” ಎಂದಿತು. ಇವಳಿಗೆ ತಿರುಗಲು ಧೈರ್ಯವಾಗಲಿಲ್ಲ. ಮತ್ತೆ, ಇನ್ನೂ ಜೋರಾಗಿ, “ಉಪ್ಪ.” ಇವಳು ಹಲಗೆಯ ಮೇಲಿನ ಭರಣಿಯನ್ನೇ ಇಳಿಸಿ ಮಗಳ ಕೈಗೆ ಕೊಟ್ಟುಬಿಟ್ಟಳು. ತನ್ವಿ ಅಡುಗೆಮನೆಯಿಂದ ಪಡಸಾಲೆಯವರೆಗೆ ಉಪ್ಪು ಚೆಲ್ಲುತ್ತ ಹೋಗಿ ಅಜ್ಜನ ಎಲೆಯ ಮೇಲೆ ರಾಶಿ ಸುರಿದಳು. ಆಚಾರ್ಯರು ಒಂದು ಮಾತೂ ಆಡದೆ ಊಟ ಮುಗಿಸಿದರು, ಎದ್ದರು, ಕೈ ತೊಳೆದರು, ಬಾಯಿ ಮುಕ್ಕಳಿಸಿದರು. ಆಮೇಲೆ ಕಂಬಕ್ಕೆ ಒರಗಿ ನಿಂತು ಅತ್ತರು. ಇದನ್ನು ಅಶ್ವಿನಿ ಫೋನಿನಲ್ಲಿ ಹೇಳಿದಾಗ ನಾನು ತರಗತಿಯ ನಡುವೆ ಇದ್ದೆ. ಮಕ್ಕಳ ಮುಂದೆಯೇ ಅತ್ತೆ. ಅಳುವಾಗಲೂ, “ಅಕ್ಕೋರು ಅಳಾಕತ್ತಾರ, ಕಣ್ಣಾಗ ನೀರು ಬಂತು, ನೀರು,” ಎಂದು ಪಾಠ ಮಾಡಿದೆನಂತೆ. ಕಸುಬಿನ ರೋಗ ಎಂದೆನಲ್ಲ.

ಇಲ್ಲಿಗೆ ಎಲ್ಲ ಸುಖವಾಯಿತು ಎಂದುಕೊಂಡರೆ ನಿಮಗೆ ಈ ಮಕ್ಕಳು ಗೊತ್ತಿಲ್ಲ. ಉಪ್ಪು ಎಂದರೆ ಬೇಕಾದ್ದು ಸಿಗುತ್ತದೆ ಎಂಬುದಷ್ಟೇ ತನ್ವಿಗೆ ಖಾತ್ರಿಯಾಗಿತ್ತು. ನೀರಿಗೆ ಉಪ್ಪು ಎಂದಳು. ಚೆಂಡಿಗೆ ಉಪ್ಪು ಎಂದಳು. ನಿದ್ದೆ ಬಂದರೆ ತಾಯಿಯ ತೊಡೆ ಏರಿ ಉಪ್ಪು ಎಂದಳು. ಬಸ್ ಸ್ಟ್ಯಾಂಡಿನಲ್ಲಿ ಕೆಂಪು ಬಾಳೆಹಣ್ಣು ತೋರಿಸಿ, “ಉಪ್ಪು! ಉಪ್ಪು!” ಎಂದು ಕುಣಿದಾಗ ಹಣ್ಣಿನವನು ಬೆಪ್ಪಾಗಿ, “ಬಾಳಿಹಣ್ಣಿಗೆ ಉಪ್ಪು ಹಚ್ಚಿ ಯಾರ್ ತಿಂತಾರವಾ ತಂಗಿ? ಪೇರಲಹಣ್ಣಿಗಾದ್ರ ಸೈ,” ಎಂದನಂತೆ.

ಹಾಗಾಗಿ ಆಚಾರ್ಯರು ಉಪ್ಪೊಂದನ್ನೇ ಕೇಳಿದರೆ ಸಾಲದಾಯಿತು. ತುಪ್ಪ, ಮಜ್ಜಿಗೆ, ಚಟ್ನಿಪುಡಿ, ಸುಟ್ಟ ಹಪ್ಪಳ, ಒಂದೊಂದಕ್ಕೂ ಹೊಸ ಸನ್ನೆ ಹುಟ್ಟಿಸಿದರು. ಹಪ್ಪಳಕ್ಕೆ ಎರಡೂ ಕೈಯಿಂದ ಏನನ್ನೋ ಮುರಿದಂತೆ ಮಾಡಿ ಕಣ್ಣರಳಿಸುತ್ತಿದ್ದರು. ಹಸಿವಿರಲಿ ಇಲ್ಲದಿರಲಿ ಕೇಳಲೇಬೇಕು, ತಂದದ್ದನ್ನು ಉಣ್ಣಲೇಬೇಕು. ಮೂರು ಮೂರು ಸಲದ ಮಜ್ಜಿಗೆಗೆ ಅವರ ಸಣಕಲು ಹೊಟ್ಟೆಯೂ ಮುಂದಕ್ಕೆ ಬಂತು. ತನ್ವಿಯ ಮಾತು ಒಂದರಿಂದ ಎರಡಾಯಿತು. “ಅಜ್ಜ ತುಪ್ಪ” ಎನ್ನುತ್ತಿದ್ದವಳು “ಅಜ್ಜಗ ಬಿಸಿ ಸಾರು ಬೇಕು” ಎನ್ನತೊಡಗಿದಳು. ಅಡುಗೆಮನೆಯಿಂದ ಅಶ್ವಿನಿ ಎಷ್ಟು, ಯಾವುದು, ಯಾರಿಗೆ ಎಂದು ಬೇಕೆಂತಲೇ ಪ್ರಶ್ನೆ ಕೇಳಿ ಅವಳನ್ನು ಪಡಸಾಲೆಗೂ ಒಲೆಗೂ ಓಡಾಡಿಸುತ್ತಿದ್ದಳು. ಮಗಳ ನೆಪದಲ್ಲಿ ಸೊಸೆ ಮಾವಂದಿರಿಗೂ ಮಾತು ಬಂತು.

ಶಾಲೆಯ ವಿಷಯ ಏನಾಯಿತೆಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ, ಸೇರಿಸಿಕೊಂಡರು. ಟ್ರಂಕು ಖರೀದಿಯಾಗಲಿಲ್ಲ. ಆದರೆ ಹೆಡ್ ಮೇಡಂ ಹೇಳುವುದಕ್ಕೆ ಒಂದು ದಿನ ಮೊದಲೇ ಆ ಫಲಿತಾಂಶ ನನಗೆ ಗೊತ್ತಾಗಿತ್ತು.

ಮರುದಿನ ತನ್ವಿಯನ್ನು ಶಾಲೆಗೆ ತೋರಿಸಲು ಕರೆದೊಯ್ಯಬೇಕು ಎನ್ನುವಾಗ ನಾನು ಕಮಲಾಪುರಕ್ಕೆ ಹೋದೆ. ಹುಡುಗಿಗಿಂತ ನನಗೇ ಹೆದರಿಕೆ ಹೆಚ್ಚಾಗಿತ್ತು. ಊಟಕ್ಕೆ ಕೂತರೂ ನನ್ನ ಬಾಯಿ ನಿಲ್ಲಲಿಲ್ಲ. ಅಡುಗೆಮನೆಯ ಕಡೆ ತಿರುಗಿ, “ಅಶ್ವಿನೀ, ನಾಳೆ ಹೆಸರು ಕೇಳ್ತಾರ, ಬಣ್ಣ ಕೇಳ್ತಾರ, ಯಂತ್ರದ ಬ್ಯಾಟರಿ ಹೊಸಾದು ಹಾಕು, ಮತ್ತ...” ಎಂದು ಸುರಿಸುತ್ತಲೇ ಇದ್ದೆ. ಎದುರಿಗೆ ಆಚಾರ್ಯರು ಪರಿಷೇಚನ ಮುಗಿಸಿದ್ದು ನನ್ನ ಗಮನಕ್ಕೇ ಬರಲಿಲ್ಲ.

ತನ್ವಿ ಬಂದಳು. ನನ್ನ ಮಂಡಿಯ ಮೇಲೆ ಕೈಯಿಟ್ಟು ಬಗ್ಗಿ, ಕಿವಿಯ ಹತ್ತಿರ ಬಾಯಿ ತಂದಳು.

“ಶ್! ಅಕ್ಕೋರೆ, ಅಜ್ಜ ಊಟಕ್ಕ ಕೂತಾರ. ಮಾತಾಡಬಾರದು.”

ಪಿಸುಗುಟ್ಟಿದಳು. ಪಿಸುಮಾತನ್ನು ನಾನು ಅವಳಿಗೆ ಕಲಿಸಿರಲಿಲ್ಲ. ನಮ್ಮ ಮಕ್ಕಳಿಗೆ ಒಂದು ಮಾತು ಹೊರಡಿಸುವುದೇ ಕಷ್ಟ. ಹೊರಟ ಮಾತನ್ನು ಸಣ್ಣದು ಮಾಡಬೇಕೆಂದು ಯಾರು ಕಲಿಸುತ್ತಾರೆ? ಎಲ್ಲರೂ ಸುಮ್ಮನಿರುವ ಆ ಹೊತ್ತು ತನಗೆ ಮಾತು ಬಾರದ್ದರಿಂದ ಬಂದದ್ದಲ್ಲ, ಅದು ಅಜ್ಜನದು, ಅದನ್ನು ತಾನು ಕಾಯಬೇಕು ಎಂದು ಆ ಹುಡುಗಿಗೆ ತಾನಾಗಿ ತಿಳಿದಿತ್ತು. ಆಚಾರ್ಯರು ಎಲೆಯಿಂದ ಕಣ್ಣೆತ್ತಲಿಲ್ಲ. ಆದರೆ ಅವರ ಹೊಟ್ಟೆ ನಗುವಿನಿಂದ ಕುಲುಕುತ್ತಿತ್ತು.

ಹುಟ್ಟಿದಾಗಿನಿಂದ ನನ್ನ ಬಾಯಿ ಮುಚ್ಚಿಸಲು ಹೆಣಗಿದವರು ಬಹಳ ಜನ. ಅಜ್ಜಿ ಮೊಟಕಿದಳು, ಮಾಸ್ತರರು ಬೆಂಚಿನ ಮೇಲೆ ನಿಲ್ಲಿಸಿದರು, ಮನೆಯವರು ಕೈ ಮುಗಿದರು. ಯಾರ ಮಾತೂ ನಾಟಿರಲಿಲ್ಲ. ಅಂದು ಮಾತ್ರ ತಕ್ಷಣ ಬಾಯಿ ಮುಚ್ಚಿದೆ. ಅನ್ನ ಸಾರು ಕಲಸಿ ಒಂದು ತುತ್ತು ತಿಂದೆ. ಆಮೇಲೆ ತನ್ವಿಯ ಕಡೆ ನೋಡಿ ಹೆಬ್ಬೆರಳಿಗೆ ಎರಡು ಬೆರಳು ಉಜ್ಜಿದೆ.

ಅವಳು ಓಡಿದಳು. ಗೋಡೆಯ ಆಚೆಯಿಂದ ಅವಳ ದನಿ ಕೇಳಿಸಿತು. “ಅವ್ವಾ, ಅಕ್ಕೋರಿಗೆ ಉಪ್ಪು ಬೇಕಂತ.”

ಸಾರಿಗೆ ಉಪ್ಪು ಸರಿಯಾಗಿಯೇ ಇತ್ತು.